ಎಕೋ ಮಾಡಿಸುವವರಿಗೆ ಮೊದಲೇ ಯಾರಾದರೂ ಹೇಳಬಾರದೇ?

ಮಾನ್ಯ ಸಂಪಾದಕರೆ,

ಹೃದಯದ ಎಕೋ ಪರೀಕ್ಷೆ, ಅಂದರೆ ಶಬ್ದದ ಅಲೆಯಿಂದ ಹೃದಯದ ಚಿತ್ರ ತೆಗೆದು ನೋಡುವ ಸ್ಕ್ಯಾನಿಂಗ್, ಈಗ ನಮ್ಮ ಕಡೆ ಅಪರೂಪದ್ದೇನಲ್ಲ. ಹೊಸನಗರ, ಸಾಗರ, ತೀರ್ಥಹಳ್ಳಿ, ಸೊರಬದ ಕಡೆಯವರು ಬೆಳಗಿನ ಬಸ್ಸು ಹಿಡಿದು ಶಿವಮೊಗ್ಗಕ್ಕೆ ಬರುತ್ತಾರೆ, ಚೀಟಿ ಮಾಡಿಸುತ್ತಾರೆ, ದುಡ್ಡು ಕಟ್ಟಿ ಬೆಂಚಿನ ಮೇಲೆ ಕೂರುತ್ತಾರೆ. ಆದರೆ ಒಳಗೆ ಏನು ಮಾಡುತ್ತಾರೆ, ಎಷ್ಟು ಹೊತ್ತು ಹಿಡಿಯುತ್ತದೆ, ನೋವಾಗುತ್ತದಾ, ತಿಂಡಿ ತಿಂದು ಬರಬಹುದಿತ್ತಾ ಅನ್ನುವುದನ್ನು ಮಾತ್ರ ಯಾರೂ ಅವರಿಗೆ ಹೇಳಿರುವುದಿಲ್ಲ. ನಾನು ಸ್ಟಾಫ್ ನರ್ಸ್ ಆಗಿದ್ದವಳು, ನಿವೃತ್ತಿಯಾಗಿ ಊರಲ್ಲಿದ್ದೇನೆ. ಕೆಲಸ ಬಿಟ್ಟರೂ ಈ ಕೆಲಸ ನನ್ನನ್ನು ಬಿಟ್ಟಿಲ್ಲ, ಸುತ್ತಮುತ್ತಲಿನವರು ರಿಪೋರ್ಟ್ ಹಿಡಿದುಕೊಂಡು ಸೀದಾ ನಮ್ಮನೆ ಜಗಲಿಗೇ ಬರುತ್ತಾರೆ. ಅದಕ್ಕೇ ಈ ಪತ್ರ. ಉದ್ದ ಆಯಿತು ಅನ್ನಿಸಿದರೆ ಕತ್ತರಿಸಿ ಹಾಕಿ, ತಿಂಡಿ ವಿಷಯ ಮಾತ್ರ ಕತ್ತರಿಸಬೇಡಿ.

ಸಾಮಾನ್ಯ ಎಕೋಗೆ, ಅಂದರೆ ಎದೆಯ ಮೇಲೆ ಜೆಲ್ ಹಚ್ಚಿ ಮಾಡುವ ಎಕೋಗೆ, ಉಪವಾಸ ಬೇಕಾಗಿಲ್ಲ. ತಿಂಡಿ ತಿನ್ನಿ, ಕಾಫಿ ಕುಡಿಯಿರಿ, ದಿನಾ ತೆಗೆದುಕೊಳ್ಳುವ ಮಾತ್ರೆ ತೆಗೆದುಕೊಳ್ಳಿ, ಆಮೇಲೆ ಬನ್ನಿ. ಇಷ್ಟು ಸಣ್ಣ ಮಾತು ಗೊತ್ತಿಲ್ಲದೆ ಎಷ್ಟು ಜನ ಒದ್ದಾಡುತ್ತಾರೆ ಅಂದರೆ ಹೇಳಿ ಪ್ರಯೋಜನ ಇಲ್ಲ. ಅಡಿಕೆ ಕೊಯ್ಲಿನ ಸಮಯದಲ್ಲಿ ನಮ್ಮ ಕೇರಿಯ ದೊಡ್ಡಮ್ಮ ಒಬ್ಬರನ್ನು ಮಗ ಬಿಡುವು ಮಾಡಿಕೊಂಡು ಎಕೋಗೆ ಕರೆದುಕೊಂಡು ಹೋದ. ದೊಡ್ಡಮ್ಮನಿಗೆ ಸಕ್ಕರೆ ಕಾಯಿಲೆ. ಬೆಳಗ್ಗೆ ಸಕ್ಕರೆ ಮಾತ್ರೆ ನುಂಗಿದ್ದಾರೆ, ಪರೀಕ್ಷೆ ಇದೆಯಲ್ಲ ಅಂತ ಏನೂ ತಿಂದಿಲ್ಲ. ಮಧ್ಯಾಹ್ನ ಆದರೂ ಸರದಿ ಬರಲಿಲ್ಲ. ಬೆಂಚಿನ ಮೇಲೇ ಬೆವರಿ ಒದ್ದೆಯಾಗಿ, ಕೈ ನಡುಗಿ, ಮಾತು ತೊದಲಿದಾಗ ಎಲ್ಲರೂ ಹಾರ್ಟ್ ಅಟ್ಯಾಕೇ ಅಂದುಕೊಂಡು ಓಡಾಡಿದರಂತೆ. ನೋಡಿದರೆ ಸಕ್ಕರೆ ಇಳಿದಿತ್ತು. ಗ್ಲೂಕೋಸ್ ಕುಡಿಸಿದ ಮೇಲೆ ಎದ್ದು ಕೂತು ಅವರು ಕೇಳಿದ ಮೊದಲ ಮಾತು, "ಒಂದು ರೊಟ್ಟಿ ತಿಂದು ಬರಬಹುದಿತ್ತಾ ಮಗಾ?"

ಈ ಗೊಂದಲಕ್ಕೆ ಕಾರಣವೂ ಇದೆ. ಡಾಕ್ಟರು ಒಂದೇ ಚೀಟಿಯಲ್ಲಿ ಎಕೋ ಬರೆದು, ಅದರ ಕೆಳಗೆ ಖಾಲಿ ಹೊಟ್ಟೆಯ ಸಕ್ಕರೆ, ಕೊಬ್ಬಿನ ಪರೀಕ್ಷೆಯನ್ನೂ ಬರೆದಿರುತ್ತಾರೆ. ಉಪವಾಸ ಬೇಕಿರುವುದು ಆ ರಕ್ತ ಪರೀಕ್ಷೆಗೆ. ಹಾಗಿದ್ದಾಗ ಮೊದಲು ರಕ್ತ ಕೊಟ್ಟು ಮುಗಿಸಿ, ಕ್ಯಾಂಟೀನ್‌ಗೆ ಹೋಗಿ ತಿಂದು, ಮಾತ್ರೆ ತೆಗೆದುಕೊಂಡು, ಆಮೇಲೆ ಎಕೋ ಸಾಲಿನಲ್ಲಿ ಕೂತರಾಯಿತು. ಇನ್ನು ಕೆಲವರು ಹೊಟ್ಟೆ ಸ್ಕ್ಯಾನಿಂಗ್ ಮಾಡಿಸಿಕೊಂಡ ನೆನಪಿನಲ್ಲಿ ಬಾಟಲಿಗಟ್ಟಲೆ ನೀರು ಕುಡಿದು, ಮೂತ್ರ ಕಟ್ಟಿಕೊಂಡು ಚಡಪಡಿಸುತ್ತಾ ಕೂತಿರುತ್ತಾರೆ. ಪಾಪ, ಎಕೋಗೆ ಅದೂ ಬೇಡ. ಹೋಗಿ ಬಂದೇ ಮಲಗಿ.

ಒಳಗೆ ನಡೆಯುವುದು ಇಷ್ಟು. ರೂಮು ಸ್ವಲ್ಪ ಕತ್ತಲಾಗಿರುತ್ತದೆ, ಪರದೆ ಚೆನ್ನಾಗಿ ಕಾಣಲಿ ಅಂತ. ಸೊಂಟದಿಂದ ಮೇಲಿನ ಬಟ್ಟೆ ಬಿಚ್ಚಬೇಕಾಗುತ್ತದೆ. ಎದೆಗೆ ಮೂರು ಸ್ಟಿಕ್ಕರ್ ಅಂಟಿಸಿ ವೈರ್ ಹಾಕುತ್ತಾರೆ, ಅದು ಬಡಿತದ ಗೆರೆ ನೋಡುವುದಕ್ಕೆ, ಅದರಿಂದ ಕರೆಂಟ್ ಹೊಡೆಯುವುದಿಲ್ಲ (ಕೇಳುವವರು ಇದ್ದಾರೆ, ನಗಬೇಡಿ). ಎಡಮಗ್ಗುಲಿಗೆ ತಿರುಗಿಸಿ, ಎಡಗೈ ತಲೆ ಕೆಳಗೆ ಇಟ್ಟುಕೊಳ್ಳಲು ಹೇಳುತ್ತಾರೆ. ಹಾಗೆ ಮಲಗಿದರೆ ಹೃದಯ ಎದೆಗೂಡಿನ ಹತ್ತಿರ ಬರುತ್ತದೆ, ಶ್ವಾಸಕೋಶ ಪಕ್ಕಕ್ಕೆ ಸರಿಯುತ್ತದೆ. ಜೆಲ್ ತಣ್ಣಗಿರುತ್ತದೆ, ಮಳೆಗಾಲದಲ್ಲಂತೂ ಮೈ ಜುಮ್ ಅನ್ನುತ್ತದೆ. ಪ್ರೋಬ್ ಅನ್ನುವ ಕೈಹಿಡಿಯಷ್ಟು ದೊಡ್ಡ ಸಾಧನವನ್ನು ಪಕ್ಕೆಲುಬುಗಳ ಸಂದಿಯಲ್ಲಿ ಒತ್ತಿ ಹಿಡಿಯುತ್ತಾರೆ. ಮೂಳೆ ಮತ್ತು ಗಾಳಿಯನ್ನು ದಾಟಿ ಪ್ರೋಬ್‌ನಿಂದ ಹೊರಡುವ ಶಬ್ದದ ಅಲೆ ಸರಿಯಾಗಿ ಹೋಗುವುದಿಲ್ಲ, ಅದಕ್ಕೇ ಸಂದಿ ಹುಡುಕುವುದು. ತೆಳ್ಳಗಿರುವವರಿಗೆ ಪಕ್ಕೆಲುಬಿನ ಮೇಲೆ ಸ್ವಲ್ಪ ನೋವಾಗಬಹುದು, ನೋವಾದರೆ ಹೇಳಿ, ಸುಮ್ನೆ ಹಲ್ಲು ಕಚ್ಚಿಕೊಂಡು ಮಲಗಬೇಡಿ. ದಪ್ಪ ಇರುವವರಲ್ಲಿ, ಬಹಳ ವರ್ಷ ಬೀಡಿ ಸೇದಿ ಶ್ವಾಸಕೋಶ ಉಬ್ಬಿದವರಲ್ಲಿ ಚಿತ್ರ ಸ್ಪಷ್ಟವಾಗಿ ಸಿಗುವುದು ಕಷ್ಟ, ಅಂಥವರಿಗೆ ಜಾಸ್ತಿ ಹೊತ್ತು ಹಿಡಿಯುತ್ತದೆ.

ಮಧ್ಯೆ ಮಧ್ಯೆ "ಉಸಿರು ಬಿಡಿ, ಹಾಗೇ ಹಿಡ್ಕೊಳ್ಳಿ" ಅನ್ನುತ್ತಾರೆ. ಆಮೇಲೆ ಅಂಗಾತ ಮಲಗಿಸಿ, ಮಂಡಿ ಮಡಚಿಸಿ, ಹೊಟ್ಟೆಯ ಮೇಲ್ಭಾಗದಿಂದ ನೋಡುತ್ತಾರೆ, ಕೆಲವೊಮ್ಮೆ ಗಂಟಲಿನ ಗುಳಿಯಿಂದಲೂ ನೋಡುತ್ತಾರೆ. ಇದ್ದಕ್ಕಿದ್ದಂತೆ ಮೆಷಿನ್‌ನಿಂದ ಜೋರಾಗಿ ಷೂ ಷೂ ಅಂತ ಶಬ್ದ ಬರುತ್ತದೆ, ಅದು ರಕ್ತ ಹರಿಯುವ ವೇಗ ಅಳೆಯುವಾಗ ಬರುವ ಶಬ್ದ. ಪರದೆಯ ಮೇಲೆ ಕೆಂಪು, ನೀಲಿ ಬಣ್ಣ ಓಡಾಡುತ್ತದೆ. ಕೆಂಪು ಒಳ್ಳೆ ರಕ್ತ, ನೀಲಿ ಕೆಟ್ಟ ರಕ್ತ ಅಂತ ಮಗ್ಗುಲಲ್ಲಿ ನಿಂತ ಮನೆಯವರು ಲೆಕ್ಕ ಹಾಕುತ್ತಿರುತ್ತಾರೆ. ಹಾಗಲ್ಲ, ಪ್ರೋಬ್ ಕಡೆಗೆ ಬರುವ ರಕ್ತ ಕೆಂಪಾಗಿ, ದೂರ ಹೋಗುವುದು ನೀಲಿಯಾಗಿ ಕಾಣುತ್ತದೆ, ಅಷ್ಟೇ. ಎಲ್ಲಾ ಸೇರಿ ಇಪ್ಪತ್ತು ನಿಮಿಷದಿಂದ ಮುಕ್ಕಾಲು ಗಂಟೆ. ಡಾಕ್ಟರು ಮಾತಾಡದೆ ಪರದೆಯನ್ನೇ ನೋಡುತ್ತಾ ಕೂತರು ಅಂದರೆ ಏನೋ ಕೆಟ್ಟದ್ದು ಸಿಕ್ಕಿದೆ ಅಂತ ಅರ್ಥ ಅಲ್ಲ, ಅವರು ಅಳತೆ ತೆಗೆಯುತ್ತಿರುತ್ತಾರೆ.

ಇದರಲ್ಲಿ ಸೂಜಿ ಇಲ್ಲ, ಎಕ್ಸ್‌ರೇ ಥರ ವಿಕಿರಣ ಇಲ್ಲ, ಇರುವುದು ನಮ್ಮ ಕಿವಿಗೆ ಕೇಳದ ಶಬ್ದದ ಅಲೆ. ಬಸುರಿಯರಿಗೂ ಮಾಡಬಹುದು, ಪೇಸ್‌ಮೇಕರ್ ಇದ್ದವರಿಗೂ ಮಾಡಬಹುದು. ಇದು ಶುರುವಾದ ಕಥೆ ನನಗೆ ಬಹಳ ಇಷ್ಟ. 1953ರಲ್ಲಿ ಸ್ವೀಡನ್ನಿನ ಲುಂಡ್ ಊರಲ್ಲಿ ಇಂಗೆ ಎಡ್ಲರ್ ಅನ್ನುವ ಡಾಕ್ಟರು ಮತ್ತು ಹೆಲ್ಮುಟ್ ಹರ್ಟ್ಸ್ ಅನ್ನುವ ಭೌತಶಾಸ್ತ್ರಜ್ಞ ಸೇರಿಕೊಂಡು, ಮಾಲ್ಮೋ ಬಂದರಿನ ಹಡಗು ಕಟ್ಟುವ ಕಾರ್ಖಾನೆಯಿಂದ ಲೋಹದಲ್ಲಿ ಬಿರುಕು ಹುಡುಕುವ ಮೆಷಿನ್ ಕಡ ತಂದು ಅದನ್ನು ಎದೆಗೆ ಹಿಡಿದು ನೋಡಿದರು. ಹಡಗಿನ ತಗಡು ನೋಡುತ್ತಿದ್ದ ಮೆಷಿನ್‌ನಲ್ಲಿ ಹೃದಯದ ಗೋಡೆ ಅಲ್ಲಾಡುವುದು ಕಂಡಿತು. ಈಗ ನಮ್ಮೂರ ಅಜ್ಜಂದಿರೂ ಅದನ್ನೇ ಮಾಡಿಸಿಕೊಳ್ಳುತ್ತಿದ್ದಾರೆ.

ಹೆಂಗಸರಿಗೆ ಒಂದು ಮಾತು. ಸೀರೆ ಉಟ್ಟು ಬಂದರೆ ಮುಂದೆ ಹುಕ್ಸ್ ಇರುವ ಬ್ಲೌಸ್ ಹಾಕಿಕೊಳ್ಳಿ, ಚೂಡಿದಾರ್ ಆದರೆ ಟಾಪ್ ಬೇರೆ ಪ್ಯಾಂಟ್ ಬೇರೆ ಇದ್ದೇ ಇರುತ್ತದೆ, ತೊಂದರೆ ಇಲ್ಲ. ನೈಟಿ ಬೇಡ. ತಾಳಿ ತೆಗೆಯಬೇಕಾಗಿಲ್ಲ, ಎಂಆರ್‌ಐಗೆ ಲೋಹ ತೆಗೆಸುತ್ತಾರೆ, ಇಲ್ಲಿ ಆ ಕಾರಣ ಇಲ್ಲ. ಸರವನ್ನು ಬೆನ್ನಿಗೆ ಸರಿಸಿಕೊಂಡರೆ ಸಾಕು. ತಾಳಿ ತೆಗೆಯಬೇಕಾಗುತ್ತೆ ಅನ್ನುವ ಒಂದೇ ಹೆದರಿಕೆಗೆ ತಿಂಗಳುಗಟ್ಟಲೆ ಎಕೋ ಮುಂದೂಡಿದವರನ್ನು ನಾನು ಕಂಡಿದ್ದೇನೆ.

ಇಲ್ಲೇ ನನಗೆ ಸಿಟ್ಟು ಬರುವ ವಿಷಯ ಇರುವುದು. ನಮ್ಮ ನಾದಿನಿಯ ಜೊತೆ ಒಂದು ಆಸ್ಪತ್ರೆಗೆ ಹೋಗಿದ್ದೆ, ಹೆಸರು ಬೇಡ. ಎಕೋ ರೂಮಿನ ಬಾಗಿಲಿಗೆ ಚಿಲಕ ಇಲ್ಲ, ಮಂಚಕ್ಕೂ ಬಾಗಿಲಿಗೂ ಮಧ್ಯೆ ಪರದೆ ಇಲ್ಲ. ಅವಳು ಇನ್ನೂ ಎದೆಯ ಮೇಲಿನ ಜೆಲ್ ಒರೆಸಿಕೊಳ್ಳುತ್ತಿದ್ದಾಳೆ, ಅಟೆಂಡರ್ ಮುಂದಿನ ಹೆಸರು ಕೂಗಿ, ಆ ಮನುಷ್ಯ ಚಪ್ಪಲಿ ಬಿಟ್ಟು ಒಳಗೆ ಬಂದೇಬಿಟ್ಟ. ಅವನದ್ದೇನೂ ತಪ್ಪಿಲ್ಲ, ಕರೆದರು ಬಂದ. ನಾನು ಸೆರಗು ಹಿಡಿದು ಅಡ್ಡ ನಿಂತೆ. ಕೇಳಿದರೆ "ಪೇಷೆಂಟ್ ಜಾಸ್ತಿ ಮೇಡಂ" ಅನ್ನುವ ಉತ್ತರ. ಪೇಷೆಂಟ್ ಜಾಸ್ತಿ ಆದರೆ ಪರದೆ ಕಡಿಮೆ ಆಗಬೇಕಾ? ಒಂದು ಕಂಬಿ, ನಾಲ್ಕು ಮೀಟರ್ ಬಟ್ಟೆ, ಮುಂದೆ ತೆರೆದುಕೊಳ್ಳುವ ಒಂದು ಗೌನು, ಪುರುಷ ಡಾಕ್ಟರು ಮಾಡುವಾಗ ಪಕ್ಕದಲ್ಲಿ ಒಬ್ಬ ಮಹಿಳಾ ಸಿಬ್ಬಂದಿ. ಇದು ಕೇಳಿ ಪಡೆಯುವ ಉಪಕಾರ ಅಲ್ಲ. ಆದರೂ ಸದ್ಯಕ್ಕೆ ಕೇಳಿಯೇ ಪಡೆಯಿರಿ, ನಾಚಿಕೆ ಬೇಡ. ಅಮ್ಮನ ಜೊತೆ ಮಗಳೋ ಸೊಸೆಯೋ ಒಳಗೆ ಇರುತ್ತೇನೆ ಅಂದರೆ ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ.

ಈಗ ರಿಪೋರ್ಟ್. ನಮ್ಮ ಜಗಲಿಗೆ ಬರುವವರಲ್ಲಿ ಮುಕ್ಕಾಲು ಪಾಲು ಜನ ಹೆದರಿರುವುದು ಕಾಯಿಲೆಗಲ್ಲ, ರಿಪೋರ್ಟಿನ ಇಂಗ್ಲಿಷ್‌ಗೆ. ಒಬ್ಬರು ತೋಟದ ಯಜಮಾನರು, ಗಟ್ಟಿ ಆಳು, ರಿಪೋರ್ಟ್‌ನಲ್ಲಿ "ಇಎಫ್ 60%" ಅಂತ ನೋಡಿ ಹೃದಯ ನಲವತ್ತು ಭಾಗ ಸತ್ತೇ ಹೋಗಿದೆ ಅಂದುಕೊಂಡು ಮಗಳ ಮದುವೆ ಬೇಗ ಮುಗಿಸಬೇಕು ಅಂತ ಕಣ್ಣೀರು ಹಾಕುತ್ತಾ ಬಂದಿದ್ದರು. ಮಾರಾಯ್ರೆ, ಅರವತ್ತು ಅಂದರೆ ಚೆನ್ನಾಗಿದೆ ಅಂತ! ಹೃದಯದ ಎಡಗಡೆಯ ಕೆಳಗಿನ ಕೋಣೆ ತುಂಬಿದಾಗ ಎಷ್ಟು ರಕ್ತ ಇರುತ್ತದೋ, ಅದರಲ್ಲಿ ಎಷ್ಟು ಭಾಗವನ್ನು ಒಂದು ಬಡಿತಕ್ಕೆ ಹೊರಗೆ ತಳ್ಳುತ್ತದೆ ಅನ್ನುವುದೇ ಇಎಫ್. ಸುಮಾರು 120 ಮಿಲಿಲೀಟರ್ ತುಂಬಿ 70 ಹೊರಗೆ ಹೋದರೆ ಐವತ್ತೆಂಟು. ಯಾರ ಹೃದಯವೂ ನೂರಕ್ಕೆ ನೂರು ಖಾಲಿ ಆಗುವುದಿಲ್ಲ, ಶಾಲೆಯ ಮಾರ್ಕ್ಸ್ ಥರ ಇದನ್ನು ಓದಬಾರದು. 55ರಿಂದ 70ರ ಒಳಗೆ ಇದ್ದರೆ ಸಹಜ. 40 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಪಂಪು ದುರ್ಬಲ ಆಗಿದೆ, ಔಷಧಿ ಬೇಕು. ನಡುವೆ ಇರುವವರ ಮೇಲೆ ಕಣ್ಣಿಡುತ್ತಾರೆ. ಕಡಿಮೆ ಇದ್ದವರೂ ಕೈಚೆಲ್ಲಬೇಕಾಗಿಲ್ಲ, ಸರಿಯಾಗಿ ಮಾತ್ರೆ ತೆಗೆದುಕೊಂಡು ಮೂವತ್ತರಿಂದ ಐವತ್ತರ ಹತ್ತಿರ ಬಂದವರಿದ್ದಾರೆ. ಇನ್ನೊಂದು, ಹೋದ ಸಲ 60 ಇತ್ತು ಈಗ 57 ಆಗಿದೆ ಅಂತ ನಿದ್ದೆ ಕೆಡಿಸಿಕೊಳ್ಳಬೇಡಿ, ಅಳೆಯುವವರು ಬದಲಾದರೂ ಇಷ್ಟು ವ್ಯತ್ಯಾಸ ಬರುತ್ತದೆ.

"ಟ್ರಿವಿಯಲ್ ಎಂಆರ್", "ಮೈಲ್ಡ್ ಟಿಆರ್" ಅಂತ ಬರೆದಿರುತ್ತಾರೆ. ಕವಾಟ ಮುಚ್ಚುವಾಗ ಒಂಚೂರು ರಕ್ತ ಹಿಂದಕ್ಕೆ ಜಿನುಗುತ್ತದೆ ಅಂತ. ಆರೋಗ್ಯವಾಗಿರುವ ಎಷ್ಟೋ ಜನರಲ್ಲಿ ಇದು ಕಾಣುತ್ತದೆ. "ಗ್ರೇಡ್ ಒಂದು ಡಯಾಸ್ಟಾಲಿಕ್ ಡಿಸ್‌ಫಂಕ್ಷನ್" ಅನ್ನುವುದು ಅರವತ್ತು ದಾಟಿದವರ ರಿಪೋರ್ಟ್‌ನಲ್ಲಿ ಎಷ್ಟು ಸಾಮಾನ್ಯ ಅಂದರೆ ಅದು ಇಲ್ಲದಿದ್ದರೆ ನಾನೇ ಇನ್ನೊಂದು ಸಲ ನೋಡುತ್ತೇನೆ. ಹೃದಯ ಸಡಿಲ ಆಗುವುದು ಸ್ವಲ್ಪ ನಿಧಾನ ಆಗಿದೆ, ಬಿಪಿ ಹಿಡಿತದಲ್ಲಿಡಿ, ಉಪ್ಪಿನಕಾಯಿ ಸ್ವಲ್ಪ ಕಡಿಮೆ ಮಾಡಿ (ಅಪ್ಪೆಮಿಡಿ ಊರಲ್ಲಿ ಇದನ್ನು ಹೇಳುವುದು ಕಷ್ಟ, ಗೊತ್ತು). "ನೋ ಆರ್‌ಡಬ್ಲ್ಯುಎಂಎ" ಅಂದರೆ ಹೃದಯದ ಗೋಡೆ ಎಲ್ಲಾ ಕಡೆ ಸರಿಯಾಗಿ ಅಲ್ಲಾಡುತ್ತಿದೆ, ಒಳ್ಳೆಯದು. ನಿಮ್ಮನ್ನು ಕಳಿಸಿದ ಡಾಕ್ಟರ ಹತ್ತಿರ ರಿಪೋರ್ಟ್ ತೋರಿಸದೆ ಊರಿಗೆ ಹೋಗಬೇಡಿ, ಯಾಕೆಂದರೆ ಅದೇ ಸಾಲು ಒಬ್ಬರಿಗೆ ಏನೂ ಅಲ್ಲ, ಇನ್ನೊಬ್ಬರಿಗೆ ಮುಖ್ಯ ಆಗಿರುತ್ತದೆ.

ಈ ಎಲ್ಲಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆ ಇನ್ನೊಂದಿದೆ. 2025ರ ಜೂನ್, ಜುಲೈನಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ಹಬ್ಬಿದಾಗ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗ್ಗೆ ಬೆಳಗ್ಗೆಯೇ ಜನ ಸಾಲು ನಿಂತರು. ನಮ್ಮ ಕಡೆಯೂ ಏನೂ ತೊಂದರೆ ಇಲ್ಲದ ಹುಡುಗರು "ಒಂದು ಎಕೋ ಮಾಡಿಸಿಬಿಡೋಣ, ನಿಶ್ಚಿಂತೆ" ಅಂತ ಹೊರಟರು. ಆದರೆ ಎಕೋದಲ್ಲಿ ಹೃದಯಕ್ಕೆ ರಕ್ತ ಕೊಡುವ ನಾಳಗಳ ಬ್ಲಾಕ್ ನೇರವಾಗಿ ಕಾಣುವುದಿಲ್ಲ. ಗೋಡೆ, ಕೋಣೆ, ಕವಾಟ, ಪಂಪ್ ಮಾಡುವ ಶಕ್ತಿ, ಸುತ್ತ ನೀರು ತುಂಬಿದೆಯಾ ಅನ್ನುವುದೆಲ್ಲ ಕಾಣುತ್ತದೆ. ನಾಳದಲ್ಲಿ ಬ್ಲಾಕ್ ಇದ್ದೂ ವಿಶ್ರಾಂತಿಯಲ್ಲಿ ಎಕೋ ಪೂರ್ತಿ ಸಹಜ ಬರಬಹುದು. ಇಸಿಜಿ ತೋರಿಸುವುದು ಹೃದಯದ ವಿದ್ಯುತ್ ಗೆರೆ, ಟಿಎಂಟಿ ಅಂದರೆ ನಡೆಸಿ, ಓಡಿಸಿ ಇಸಿಜಿ ನೋಡುವುದು, ನಾಳವನ್ನೇ ನೋಡಬೇಕಾದರೆ ಆಂಜಿಯೋಗ್ರಾಂ. ಯಾವುದು ಬೇಕು ಅನ್ನುವುದು ನಿಮ್ಮ ತೊಂದರೆಯ ಮೇಲೆ ಹೋಗುತ್ತದೆ. ಹೋದ ತಿಂಗಳು ಎಕೋ ನಾರ್ಮಲ್ ಇತ್ತು ಅಂತ ರಾತ್ರಿ ಎದೆನೋವು, ಬೆವರು ಬಂದಾಗ ಗ್ಯಾಸ್ಟ್ರಿಕ್ ಮಾತ್ರೆ ನುಂಗಿ ಮಲಗಬೇಡಿ. ಆಗ ಬೇಕಿರುವುದು ತಕ್ಷಣ ಇಸಿಜಿ, ಅದು ತಾಲ್ಲೂಕು ಆಸ್ಪತ್ರೆಯಲ್ಲೇ ಆಗುತ್ತದೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯಜ್ಯೋತಿ ಯೋಜನೆಯಲ್ಲಿ ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟಿಪ್ಲೇಸ್ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಘಾಟಿ ಇಳಿದು ದೊಡ್ಡ ಆಸ್ಪತ್ರೆಗೆ ಹೋಗುವುದು ಆಮೇಲಿನ ಮಾತು.

ಉಳಿದ ಎಕೋಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಬಾಯಿಂದ ಕೊಳವೆ ಇಳಿಸಿ ಮಾಡುವ ಟಿಇಇ ಅನ್ನುವುದಿದೆ, ಇದಕ್ಕೆ ನಿಜವಾಗಿಯೂ ಸುಮಾರು ಆರು ಗಂಟೆ ಹೊಟ್ಟೆ ಖಾಲಿ ಇರಬೇಕು. ಅನ್ನನಾಳ ಹೃದಯದ ಹಿಂದೆಯೇ ಹಾದು ಹೋಗುವುದರಿಂದ ಅಲ್ಲಿಂದ ಚಿತ್ರ ಬಹಳ ಸ್ಪಷ್ಟ. ಕಿರಿದಾದ ಕವಾಟವನ್ನು ಬಲೂನ್ ಹಾಕಿ ಅಗಲಿಸುವ ಮೊದಲು ಹೃದಯದ ಒಳಗೆ ರಕ್ತದ ಹೆಪ್ಪು ಇದೆಯಾ, ಕವಾಟಕ್ಕೆ ಸೋಂಕು ತಗುಲಿದೆಯಾ ನೋಡಲು ಮಾಡುತ್ತಾರೆ. ಗಂಟಲಿಗೆ ಕಹಿ ಸ್ಪ್ರೇ ಹೊಡೆದು ಮರಗಟ್ಟಿಸುತ್ತಾರೆ, ಉಗುಳು ನುಂಗಿದ್ದೇ ಗೊತ್ತಾಗುವುದಿಲ್ಲ, ವಾಕರಿಕೆ ಬರುತ್ತದೆ, ಮಂಪರು ಬರುವ ಔಷಧಿ ಕೊಡಬಹುದು. ಮರಗಟ್ಟಿದ್ದು ಬಿಡುವ ತನಕ ಕಾಫಿ, ನೀರು ಯಾವುದೂ ಬೇಡ, ಶ್ವಾಸನಾಳಕ್ಕೆ ಇಳಿದುಬಿಡುತ್ತದೆ. ಮಂಪರು ಔಷಧಿ ತೆಗೆದುಕೊಂಡ ದಿನ ಬೈಕ್ ಓಡಿಸಬೇಡಿ, ಜೊತೆಗೆ ಒಬ್ಬರು ಇರಲೇಬೇಕು. ಹಲ್ಲಿನ ಸೆಟ್ ಇದ್ದರೆ, ನುಂಗಲು ತೊಂದರೆ ಇದ್ದರೆ, ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಮೊದಲೇ ಹೇಳಿ. ಇದರ ಜೊತೆ ನಮ್ಮ ಕಡೆಯವರು ವಿಶೇಷವಾಗಿ ಹೇಳಬೇಕಾದ್ದು, ಎಲೆ ಅಡಿಕೆ, ಗುಟ್ಕಾ ಹಾಕಿ ಹಾಕಿ ಬಾಯಿ ಪೂರ್ತಿ ತೆರೆಯಲಾಗದಂತೆ ಬಿಗಿದಿದ್ದರೆ ಅದನ್ನು. ಮಂಚದ ಮೇಲೆ ಮಲಗಿದ ಮೇಲೆ ಎರಡು ಬೆರಳು ಹೋಗುವಷ್ಟೂ ಬಾಯಿ ತೆರೆಯುವುದಿಲ್ಲ ಅಂತ ಗೊತ್ತಾದರೆ ಆ ದಿನ ವ್ಯರ್ಥ.

ಸ್ಟ್ರೆಸ್ ಎಕೋ ಅಂದರೆ ಟ್ರೆಡ್‌ಮಿಲ್ ಮೇಲೆ ನಡೆಸಿ, ಇಲ್ಲವೇ ಡ್ರಿಪ್‌ನಲ್ಲಿ ಔಷಧಿ ಕೊಟ್ಟು ಬಡಿತ ಏರಿಸಿ ನೋಡುವುದು. ಎದೆ ಡವಡವ ಅನ್ನುತ್ತದೆ, ಪಕ್ಕದಲ್ಲೇ ಡಾಕ್ಟರು ಇರುತ್ತಾರೆ. ಇದಕ್ಕೆ ಕೆಲವು ಮಾತ್ರೆ ನಿಲ್ಲಿಸಬೇಕಾ ಅಂತ ಕೇಳಿಕೊಳ್ಳಿ, ನೀವೇ ನಿಲ್ಲಿಸಬೇಡಿ. ಗರ್ಭದಲ್ಲಿರುವ ಮಗುವಿನ ಹೃದಯ ನೋಡುವ ಎಕೋ ಸಾಮಾನ್ಯವಾಗಿ 18ರಿಂದ 24 ವಾರದ ಒಳಗೆ. ಅಲ್ಲಿ ಗಂಡೋ ಹೆಣ್ಣೋ ಅಂತ ಕೇಳಲೇಬೇಡಿ, 1994ರ ಕಾಯ್ದೆ ಪ್ರಕಾರ ಹೇಳುವುದೂ ಅಪರಾಧ, ಕೇಳುವುದೂ ಅಪರಾಧ. ಸಣ್ಣ ಮಕ್ಕಳು ಅತ್ತರೆ ಚಿತ್ರ ಸಿಗುವುದಿಲ್ಲ, ನಿದ್ದೆ ಬರುವ ಸಿರಪ್ ಕೊಡಬೇಕಾಗಬಹುದು, ಅದಕ್ಕೆ ಹಾಲು ಯಾವಾಗ ನಿಲ್ಲಿಸಬೇಕು ಅಂತ ಮೊದಲೇ ಕೇಳಿ.

ಮಲೆನಾಡಿನವರಿಗೇ ಅಂತ ಒಂದು ಮಾತು ಇದೆ. ಮಳೆಗಾಲದಲ್ಲಿ ಕಾಗದಕ್ಕೆ ಬೂಸಲು ಬರುತ್ತದೆ ಅಂತ ನಮ್ಮವರು ಸಿಕ್ಕಿದ್ದನ್ನೆಲ್ಲ ಲ್ಯಾಮಿನೇಷನ್ ಮಾಡಿಸಿಬಿಡುತ್ತಾರೆ. ಎಕೋ ಜೊತೆ ಕೊಡುವ ಹೊಳೆಯುವ ಕಪ್ಪು ಬಿಳುಪು ಚಿತ್ರ, ಇಸಿಜಿ ಗೆರೆ ಇರುವ ಚೌಕಳಿ ಕಾಗದ, ಎರಡೂ ಸಾಮಾನ್ಯವಾಗಿ ಥರ್ಮಲ್ ಪೇಪರ್. ಲ್ಯಾಮಿನೇಷನ್ ಮೆಷಿನ್ನಿನ ಬಿಸಿಗೆ ಪೂರ್ತಿ ಕಪ್ಪಾಗಿ ಹೋಗುತ್ತದೆ. ಹಾಗೆ ಮಸಿ ಹಿಡಿದ ಕಾಗದ ಹಿಡಿದುಕೊಂಡು ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋದವರಿದ್ದಾರೆ. ಜೆರಾಕ್ಸ್ ಮಾಡಿಸಿ, ಮೊಬೈಲ್‌ನಲ್ಲಿ ಫೋಟೋ ತೆಗೆದಿಡಿ. ಹಳೆ ರಿಪೋರ್ಟ್ ಎಸೆಯಬೇಡಿ. ಕವಾಟದ ತೊಂದರೆ ಇರುವವರು, ಚಿಕ್ಕಂದಿನಲ್ಲಿ ಕೀಲುವಾತದ ಜ್ವರ ಬಂದು ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚಿಸಿಕೊಳ್ಳುತ್ತಿರುವವರು, ಕವಾಟ ಬದಲಿಸಿಕೊಂಡವರು, ಹೃದಯದ ಮೇಲೆ ಪರಿಣಾಮ ಮಾಡುವ ಕೆಲವು ಕ್ಯಾನ್ಸರ್ ಔಷಧಿ ತೆಗೆದುಕೊಳ್ಳುವವರು, ಇವರಿಗೆಲ್ಲ ಎಕೋ ಮತ್ತೆ ಮತ್ತೆ ಮಾಡುತ್ತಾರೆ, ಹಿಂದಿನದರ ಜೊತೆ ಹೋಲಿಸಿ ನೋಡಿದರೇ ಅದಕ್ಕೆ ಬೆಲೆ.

ಸರ್ಕಾರಿ ಇರಲಿ ಖಾಸಗಿ ಇರಲಿ, ಆಸ್ಪತ್ರೆಯವರಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ. ತಿಂಡಿ ತಿಂದು ಬರಬಹುದಾ, ಒಳಗೆ ಏನು ಮಾಡುತ್ತಾರೆ ಅಂತ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಬರೆದ ಒಂದು ಹಾಳೆಯನ್ನು ಎಕೋ ರೂಮಿನ ಹೊರಗೆ ಅಂಟಿಸಿ. ಓದಲು ಬಾರದವರಿಗೆ ಚೀಟಿ ಮಾಡುವ ಕೌಂಟರ್‌ನಲ್ಲೇ ಬಾಯಿಮಾತಲ್ಲಿ ಹೇಳಿ, ಅರ್ಧ ನಿಮಿಷದ ಕೆಲಸ. ಫೋನಿನಲ್ಲಿ ದಿನ ಗೊತ್ತು ಮಾಡುವಾಗ ಸರದಿ ಎಷ್ಟು ಗಂಟೆಗೆ ಬರಬಹುದು ಅಂತ ಅಂದಾಜಾದರೂ ಕೊಡಿ, ಎಲ್ಲರನ್ನೂ ಒಂಬತ್ತಕ್ಕೇ ಬನ್ನಿ ಅಂದು ಮೂರು ಗಂಟೆವರೆಗೆ ಕೂರಿಸಬೇಡಿ, ನಮ್ಮ ಹಳ್ಳಿಗಳಿಗೆ ಸಂಜೆ ಆದ ಮೇಲೆ ಬಸ್ಸಿಲ್ಲ. ರಿಪೋರ್ಟಿನ ಕೊನೆಯಲ್ಲಿ ಇಂಗ್ಲಿಷ್ ಸಾಲುಗಳ ಕೆಳಗೆ "ಹೃದಯದ ಪಂಪ್ ಮಾಡುವ ಶಕ್ತಿ ಸಹಜವಾಗಿದೆ" ಅಂತಲೋ "ಕಡಿಮೆ ಆಗಿದೆ, ಡಾಕ್ಟರನ್ನು ಕಾಣಿ" ಅಂತಲೋ ಕನ್ನಡದಲ್ಲಿ ಒಂದು ಸಾಲು ಹಾಕಿ. ಕಂಪ್ಯೂಟರ್‌ನಲ್ಲಿ ಒಂದು ಸಲ ಟೈಪ್ ಮಾಡಿಟ್ಟುಕೊಂಡರೆ ದಿನಾ ಅದೇ ಬರುತ್ತದೆ, ಅಲ್ವಾ?

– ಒಬ್ಬ ನಿವೃತ್ತ ಸ್ಟಾಫ್ ನರ್ಸ್, ತೀರ್ಥಹಳ್ಳಿ ತಾಲ್ಲೂಕು